ಹೆರಿಗೆ ನೋವು ಸಭೆಯ ದಿನ ನೋಡಿ ಬರುವುದಿಲ್ಲ



ಉಳಿತಾಯ, ಸಾಲ ಮರುಪಾವತಿ ಇವೆಲ್ಲ ಪ್ರತಿ ಸಭೆಯಲ್ಲೂ ಇದ್ದದ್ದೇ. ಇವತ್ತು ಬೇರೆ ವಿಷಯ. ಹೆರಿಗೆಯಲ್ಲಿ ಒಬ್ಬ ತಾಯಿ ತೀರಿಕೊಂಡರೆ "ಅವಳ ಹಣೆಬರಹ", "ದೇವರ ಚಿತ್ತ" ಅಂತ ಹೇಳಿಬಿಡ್ತೇವೆ. ದೇವರ ಮೇಲೆ ಹೊರಿಸುವ ಮೊದಲು ಗಡಿಯಾರ ನೋಡಬೇಕಲ್ಲವೇ? ಹೆರಿಗೆಯಾದ ಮೇಲೆ ರಕ್ತಸ್ರಾವ ಜೋರಾದರೆ, ಚಿಕಿತ್ಸೆ ಸಿಗದಿದ್ದಲ್ಲಿ ಎರಡು ಗಂಟೆಯೊಳಗೇ ಜೀವ ಹೋಗಬಹುದು.

1994ರಲ್ಲಿ ತದ್ದಿಯಸ್ ಮತ್ತು ಮೈನ್ ಎಂಬ ಇಬ್ಬರು ಸಂಶೋಧಕಿಯರು ಬಡ ದೇಶಗಳ ತಾಯಂದಿರ ಸಾವಿಗೆ ಮೂರು ತಡಗಳು ಕಾರಣ ಎಂದು ಬರೆದರು. ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವುದರಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆ ಸೇರಿದ ಮೇಲೂ ಚಿಕಿತ್ಸೆ ಶುರುವಾಗಲು ತಡ.

ಮೊದಲನೆಯದು ನಮ್ಮ ಮನೆಯೊಳಗಿನದು. "ಗಂಡ ಬರಲಿ, ಕೇಳೋಣ" ಅಂತಾರೆ. ಗಂಡ ಕೂಲಿಗೆ ದೂರ ಹೋಗಿರ್ತಾನೆ. "ನಾನು ಆರು ಹೆತ್ತಿಲ್ವಾ?" ಅಂತಾರೆ ಅತ್ತೆ. ನಮ್ಮ ಸಂಘಗಳಲ್ಲಿ ಅತ್ತೆಯಂದಿರೇ ಜಾಸ್ತಿ, ಅದಕ್ಕೇ ಈ ಮಾತು ಇಲ್ಲಿ ಹೇಳ್ತಿದ್ದೇವೆ! ಇನ್ನು ಖರ್ಚಿನ ಹೆದರಿಕೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ ಎಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲೇ ಇದೆ. ಆದರೂ ಕೈಯಲ್ಲಿ ನಾಲ್ಕು ಕಾಸಿಲ್ಲದೆ ಹೊರಡಲು ಧೈರ್ಯ ಬರುವುದಿಲ್ಲ, ಅದೂ ನಮಗೆ ಗೊತ್ತು.

ನಮ್ಮದೇ ಒಂದು ಸಂಘದಲ್ಲಿ ನಡೆದದ್ದು. ಸದಸ್ಯೆಯೊಬ್ಬರ ಸೊಸೆ ಹಗಲೆಲ್ಲ ನೋವು ತಿಂದರೂ ಹೆರಿಗೆಯಾಗಲಿಲ್ಲ. ರಾತ್ರಿ 108ಕ್ಕೆ ಫೋನ್ ಮಾಡಿದರು. ಆ ಮಣ್ಣಿನ ಏರಿಗೆ ಆಂಬುಲೆನ್ಸ್ ಹತ್ತಲಿಲ್ಲ. ಜೀಪಿನವನು ಮುಂಗಡ ಕೇಳಿದ. ಸಂಘದ ಪೆಟ್ಟಿಗೆಯಲ್ಲಿ ದುಡ್ಡಿತ್ತು, ಬೀಗದ ಕೈ ಇದ್ದವರು ತವರಿಗೆ ಹೋಗಿದ್ದರು. ಸಭೆಯ ನಿರ್ಣಯವಿಲ್ಲದೆ ಒಂದು ರೂಪಾಯಿ ತೆಗೆಯಬಾರದು ಅಂತ ಕಲಿಸಿದವರು ನಾವೇ. ಆಸ್ಪತ್ರೆ ಸೇರುವಾಗ ಬೆಳಗಾಗಿತ್ತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಆ ನಿಯಮ ಕಲಿಸಿದ್ದಕ್ಕೆ ಇವತ್ತಿಗೂ ನಮಗೆ ಸಂಕಟವಾಗುತ್ತೆ.

ಮೂರನೆಯ ತಡ ನಮ್ಮ ಕೈಮೀರಿದ್ದು ಅನ್ನಿಸುತ್ತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಸೇರಿಯನ್ ಆಗುವುದಿಲ್ಲ. ಅದಕ್ಕೆ ಅರಿವಳಿಕೆ ಡಾಕ್ಟರು ಬೇಕು, ರಕ್ತ ಬೇಕು. ಯಾವ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತೂ ಇವೆರಡೂ ಇರ್ತವೆ ಅಂತ ಏಳನೇ ತಿಂಗಳಲ್ಲೇ ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. ಅಲ್ಲಿ ಸುತ್ತಿ ಇಲ್ಲಿ ಸುತ್ತಿ ಹೋಗುವಷ್ಟರಲ್ಲೇ ಹೊತ್ತು ಮೀರುವುದು. ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಅಂತ 2019-21ರ ಸಮೀಕ್ಷೆ ಹೇಳಿತು. ಅಂಥವರಿಗೆ ಸ್ವಲ್ಪ ರಕ್ತ ಹೋದರೂ ತಡೆಯೋದಿಲ್ಲ.

ಕರ್ನಾಟಕದಲ್ಲಿ 2001-03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ಹಣೆಬರಹವಾಗಿದ್ದರೆ ಇಳಿಯುತ್ತಿತ್ತೇ?

ಈಗ ನಿರ್ಣಯ ಪುಸ್ತಕ ತೆಗೆಯಿರಿ. ತುರ್ತು ಹೆರಿಗೆಗೆ ಸಭೆಗೆ ಕಾಯದೆ ಎಷ್ಟು ಹಣ ಕೊಡಬಹುದು, ಎರಡನೇ ಬೀಗದ ಕೈ ಯಾರ ಹತ್ತಿರ, ರಾತ್ರಿ ಕರೆದರೆ ಬರುವ ಜೀಪು ಯಾರದು, ಇಷ್ಟನ್ನು ಇವತ್ತೇ ಬರೆಯೋಣ. ಅದಕ್ಕೂ ಮೊದಲು, ಈ ತಿಂಗಳು, ಬರುವ ತಿಂಗಳು ದಿನ ತುಂಬುವವರು ನಿಮ್ಮ ಮನೆಗಳಲ್ಲಿ ಯಾರ್ಯಾರು ಇದ್ದಾರೆ, ಹೆಸರು ಹೇಳಿ.