ಸಾಲ ಇರುವ ಹುಡುಗಿ
(ಕಾಪುವಿನಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಮುಂದೆ ಆಡಿದ ಮಾತು)

ಗೆಳತಿಯರೇ, "ಓದಿನ ಸಾಲ ಇರುವ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ?" ಎಂದು ಕಾರ್ಕಳದ ತಾಯಿಯೊಬ್ಬರು ಕೇಳಿದರು. ವರದಕ್ಷಿಣೆಗಾಗಿ ಅಪ್ಪ ಮಾಡುವ ಸಾಲ ಸಾಲವಲ್ಲವೇ? 1961ರ ಕಾಯಿದೆಯಂತೆ ಅದನ್ನು ಕೇಳುವುದೂ ಅಪರಾಧ, ಕೊಡುವುದೂ ಅಪರಾಧ.

ಓದಿಗೆ 4 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಒತ್ತೆ ಕೇಳುವಂತಿಲ್ಲ. ನಿಮ್ಮ ಕೈಬಳೆ ಬಿಚ್ಚಬೇಕಾಗಿಲ್ಲ. ಹೆತ್ತವರೂ ಸಹಿ ಹಾಕಬೇಕು, ಅದನ್ನು ಮುಚ್ಚಿಡುವುದಿಲ್ಲ. ಕಂತು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ಮೇಲೆ. ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಕಟ್ಟಿಸಿತ್ತು. ನಮ್ಮ ವಾರದ ಉಳಿತಾಯದಿಂದ ಆ ಬಡ್ಡಿಯನ್ನಾದರೂ ತೀರಿಸುತ್ತ ಹೋಗಬಹುದಲ್ಲ!

ಸಾಲಕ್ಕೂ ಮೊದಲು ವಿದ್ಯಾರ್ಥಿವೇತನ. ರಾಜ್ಯದ ಎಸ್‌.ಎಸ್‌.ಪಿ. ಅರ್ಜಿಗೆ ಜಾತಿ-ಆದಾಯ ಪ್ರಮಾಣಪತ್ರ ಬೇಕು, ಆಧಾರ್ ಜೋಡಿಸಿದ ಮಗಳದೇ ಖಾತೆ ಬೇಕು. ನಾಳೆ ಬೆಳಿಗ್ಗೆ ನಾಡಕಚೇರಿಗೆ ಯಾರು ಯಾರು ಬರುತ್ತೀರಿ, ಹೆಸರು ಹೇಳಿ.