ಮಕ್ಕಳ ಪದ್ಯದಲ್ಲಿ ನಮ್ಮ ರೊಟ್ಟಿ

ಕರಾವಳಿಯಲ್ಲಿ ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿ ಹಾಡು, ಕಥೆಗಳನ್ನು ಬರೆದರು. ಬೆಂಗಳೂರಿನಲ್ಲಿ ರಾಜರತ್ನಂ ತುತ್ತೂರಿ ಊದಿದರು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಮಕ್ಕಳಿಗಾದರೋ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಮನೆಯ ಮಾತು ಕನ್ನಡ, ಮೇಲ್ತರಗತಿಯ ಪಾಠ ಉರ್ದು. ಆ ಸಂಸ್ಥಾನದಲ್ಲೇ ಓದಿ ಅಧಿಕಾರಿಯಾದವರು, ಯಲಬುರ್ಗಾ ಸೀಮೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು (1918–1994). ತಮ್ಮ ಶಿಶುಗೀತೆಗಳ ಸಂಕಲನವೊಂದಕ್ಕೆ ಅವರಿಟ್ಟ ಹೆಸರು ‘ತುಪ್ಪಾ ರೊಟ್ಟಿ ಗೇ ಗೇ ಗೇ’. ಜೋಳದ ನಾಡಿನ ಕೂಸಿಗೆ ಪುಸ್ತಕದ ಹೆಸರಿನಲ್ಲೇ ಮನೆಯ ಮಾತು ದೊರೆಯಿತು. 1949ರಿಂದ ಕನ್ನಡದಲ್ಲಿಯೂ ಬಂದ ‘ಚಂದಮಾಮ’ದಲ್ಲಿ ಕಲಾವಿದ ಶಂಕರ್ ಬಿಡಿಸಿದ ವಿಕ್ರಮ–ಬೇತಾಳರು ಅಕ್ಷರವರಿಯದ ಮಗುವನ್ನೂ ಸೆಳೆದರು. ಚಿತ್ರವು ಮಗುವನ್ನು ಪುಟದ ಬಳಿಗೆ ಕರೆಯುತ್ತದೆ. ಮನೆಯ ಮಾತು ಅಲ್ಲಿಯೇ ಕೂರಿಸುತ್ತದೆ. ತಾನುಣ್ಣುವ ರೊಟ್ಟಿಯನ್ನು ಪುಸ್ತಕದಲ್ಲಿ ಕಂಡ ಮಗು ಪುಸ್ತಕಕ್ಕೆ ಅಂಜುವುದಿಲ್ಲ.