ಸ್ವಚ್ಛವಾಹಿನಿಯ ಬ್ರೇಕ್ ಡಿಸ್ಕ್: ಮಲೆನಾಡಿನಲ್ಲಿ ನಿರ್ವಹಣೆ ಮತ್ತು ಬದಲಾವಣೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕೊಪ್ಪ ತಾಲ್ಲೂಕಿನ ನಾರ್ವೆಯ ಸುತ್ತಮುತ್ತ ಮನೆಗಳು ಬಯಲುಸೀಮೆಯ ಊರುಗಳಂತೆ ಒತ್ತಾಗಿ ಕೂಡಿಕೊಂಡಿಲ್ಲ. ಅಡಿಕೆ ತೋಟದ ತಗ್ಗಿನಲ್ಲಿ ಒಂದು ಮನೆಯಿದ್ದರೆ ಗುಡ್ಡದ ಓರೆಯಲ್ಲಿ ಇನ್ನೊಂದು. ಕಸ ಸಂಗ್ರಹಿಸುವ ಸ್ವಚ್ಛವಾಹಿನಿಯು ಪ್ರತಿ ಮನೆಯ ಮುಂದೆ ನಿಲ್ಲಬೇಕು, ಮತ್ತೆ ಹೊರಡಬೇಕು, ಏರಬೇಕು, ಇಳಿಯಬೇಕು. ಹೆದ್ದಾರಿಯಲ್ಲಿ ಓಡುವ ಸರಕು ವಾಹನ ನೂರು ಕಿಲೋಮೀಟರಿನಲ್ಲಿ ಹಾಕುವಷ್ಟು ಬ್ರೇಕನ್ನು ಈ ವಾಹನ ಒಂದೇ ಬೆಳಗಿನ ಸುತ್ತಿನಲ್ಲಿ ಹಾಕಿಬಿಡಬಹುದು. ಆದುದರಿಂದ ಕೇವಲ ಕಿಲೋಮೀಟರ್ ಲೆಕ್ಕ ನೋಡಿ ‘ಇನ್ನೂ ಹೊಸ ಗಾಡಿ’ ಎಂದು ತೀರ್ಮಾನಿಸುವುದು ಮಲೆನಾಡಿನಲ್ಲಿ ಸಲ್ಲದು.

ಟಾಟಾ ಏಸ್ ಮಾದರಿಯ ಆಟೋ ಟಿಪ್ಪರಿಗೂ ಬೊಲೆರೊ ಪಿಕಪ್ಪಿಗೂ ಸಾಮಾನ್ಯವಾಗಿ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಬ್ರೇಕು, ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕು ಇರುತ್ತದೆ. ಡಿಸ್ಕ್ ಎಂದರೆ ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ತಟ್ಟೆ. ಪೆಡಲ್ ಒತ್ತಿದಾಗ ಕ್ಯಾಲಿಪರಿನೊಳಗಿನ ಎರಡು ಪ್ಯಾಡ್‌ಗಳು ಅದನ್ನು ಎರಡೂ ಬದಿಯಿಂದ ಅಮುಕುತ್ತವೆ. ವಾಹನದ ವೇಗ ಶಾಖವಾಗಿ ಮಾರ್ಪಡುತ್ತದೆ. ಈ ಏರ್ಪಾಡಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಪೇಟೆಂಟ್ ಪಡೆದಿದ್ದರು. ತತ್ವ ಅಂದಿನದೇ, ಲೋಹವಷ್ಟೇ ಸುಧಾರಿಸಿದೆ.

ಶಾಖ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಕಸ ತುಂಬಿ 1,500 ಕಿಲೋ ತೂಗುವ ವಾಹನವೊಂದು 100 ಮೀಟರ್ ಎತ್ತರದ ಗುಡ್ಡವನ್ನು ಕೇವಲ ಬ್ರೇಕಿನ ಬಲದಿಂದ ಇಳಿದರೆ, ಸುಮಾರು ನಾಲ್ಕೂವರೆ ಲೀಟರ್ ತಣ್ಣೀರನ್ನು ಕುದಿಸಲು ಬೇಕಾಗುವಷ್ಟು ಶಾಖ ಉತ್ಪತ್ತಿಯಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ತಟ್ಟೆಗಳ ಮೇಲೆ ಬೀಳುತ್ತದೆ. ತಟ್ಟೆ ದಪ್ಪವಿದ್ದಾಗ ಆ ಶಾಖವನ್ನು ಹೀರಿ ಗಾಳಿಗೆ ಬಿಡುತ್ತದೆ. ಸವೆದು ತೆಳುವಾದ ತಟ್ಟೆ ಬೇಗ ಕಾಯುತ್ತದೆ, ಸೊಟ್ಟಗಾಗುತ್ತದೆ, ಕೆಲವೊಮ್ಮೆ ಬಿರುಕು ಬಿಡುತ್ತದೆ. ಡಿಸ್ಕಿನ ದಪ್ಪವನ್ನು ಅಳೆಯಬೇಕೆನ್ನುವುದು ಇದಕ್ಕಾಗಿಯೇ.

ಪ್ರತಿ ಡಿಸ್ಕಿನ ಅಂಚಿನಲ್ಲಿ ಅಥವಾ ನಡುವಿನ ಟೋಪಿಯಂತಹ ಭಾಗದಲ್ಲಿ ಕನಿಷ್ಠ ದಪ್ಪದ ಅಂಕಿಯನ್ನು ಮಿಲಿಮೀಟರಿನಲ್ಲಿ ಕೆತ್ತಿರುತ್ತಾರೆ. ಈ ಅಂಕಿ ಮಾದರಿಯಿಂದ ಮಾದರಿಗೆ ಬೇರೆ. ಪಕ್ಕದ ಪಂಚಾಯತಿಯ ವಾಹನದ ಅಂಕಿಯನ್ನು ಇಲ್ಲಿಗೆ ಅನ್ವಯಿಸಬಾರದು. ಅಳೆಯಲು ಮೈಕ್ರೋಮೀಟರ್ ಬೇಕು. ಸವೆದ ಡಿಸ್ಕಿನ ಹೊರ ಅಂಚಿನಲ್ಲಿ ಸವೆಯದ ಏಣು ಉಳಿದಿರುವುದರಿಂದ, ಅಂಚಿನ ಮೇಲೆ ವರ್ನಿಯರ್ ಹಿಡಿದರೆ ತಪ್ಪು ಅಳತೆ ಬರುತ್ತದೆ. ಸುತ್ತಲೂ ಆರೆಂಟು ಕಡೆ ಅಳೆದಾಗ ಕನಿಷ್ಠ ದಪ್ಪಕ್ಕಿಂತ ಕಡಿಮೆ ಒಂದೇ ಕಡೆ ಕಂಡುಬಂದರೂ ಆ ಡಿಸ್ಕನ್ನು ಬದಲಿಸಲೇಬೇಕು. ಲೇತಿಗೆ ಕೊಟ್ಟು ಮೈ ನಯಗೊಳಿಸಿ ಮತ್ತೆ ಹಾಕುವ ರೂಢಿ ಕೆಲವು ಗ್ಯಾರೇಜುಗಳಲ್ಲಿದೆ. ಕೆತ್ತಿದ ಮೇಲೂ ದಪ್ಪ ಕನಿಷ್ಠಕ್ಕಿಂತ ಮೇಲಿದ್ದರೆ ಮಾತ್ರ ಅದು ಸರಿ. ಇಲ್ಲವಾದರೆ ಅದು ಉಳಿತಾಯವಲ್ಲ.

ಮಳೆಗಾಲದ ಮಾತು ಬೇರೆಯೇ. ಶೃಂಗೇರಿಯ ಆಚೆಗಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಕೊಪ್ಪ, ನರಸಿಂಹರಾಜಪುರದ ಕಡೆ ಅಷ್ಟಿಲ್ಲದಿದ್ದರೂ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ವಾಹನದ ಅಡಿಭಾಗ ಒಣಗುವುದೇ ಅಪರೂಪ. ರಾತ್ರಿ ನಿಂತ ವಾಹನದ ಡಿಸ್ಕಿನ ಮೇಲೆ ಬೆಳಿಗ್ಗೆ ಕಾಣುವ ತೆಳು ತುಕ್ಕಿಗೆ ಹೆದರಬೇಕಿಲ್ಲ. ನಾಲ್ಕು ಸಲ ಬ್ರೇಕ್ ಹಾಕಿದರೆ ಅದು ಹೋಗುತ್ತದೆ. ಚಾಲಕರಿಲ್ಲವೆಂದೋ ವಿಮೆ ಮುಗಿಯಿತೆಂದೋ ತಿಂಗಳುಗಟ್ಟಲೆ ಪಂಚಾಯತಿ ಆವರಣದಲ್ಲಿ ನಿಂತ ವಾಹನದ ತುಕ್ಕು ಮಾತ್ರ ಲೋಹವನ್ನು ಕೊರೆದು ಗುಳಿ ಮಾಡುತ್ತದೆ. ಅಂತಹ ವಾಹನವನ್ನು ಬ್ಯಾಟರಿಯಷ್ಟೇ ಬದಲಿಸಿ ರಸ್ತೆಗೆ ಬಿಡುವುದು ಅಪಾಯಕರ. ಕೆಂಪು ಮಣ್ಣಿನ ರಾಡಿ ಕ್ಯಾಲಿಪರಿನ ಜಾರುಪಿನ್ನುಗಳಿಗೆ ಸೇರಿ ಅವು ಬಿಗಿದುಕೊಂಡರೆ, ಒಂದು ಪ್ಯಾಡು ಪೂರ್ತಿ ಸವೆದು ಇನ್ನೊಂದು ಹಾಗೆಯೇ ಉಳಿಯುತ್ತದೆ. ಮಳೆಗಾಲಕ್ಕೆ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಚಕ್ರ ಬಿಚ್ಚಿ ನೋಡುವುದು ಮಲೆನಾಡಿಗೆ ತಕ್ಕ ಕ್ರಮ. ಇಳಿಜಾರು ಇಳಿದು ಬಂದ ಕೂಡಲೇ ಬಿಸಿ ಚಕ್ರಕ್ಕೆ ಪೈಪಿನಿಂದ ತಣ್ಣೀರು ಹಾರಿಸಿ ತೊಳೆಯುವುದನ್ನೂ ನಿಲ್ಲಿಸಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲ್ಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು; ತೇವ ಹೀರಿದ ಮೇಲೆ ಅದಕ್ಕೆ ನಿಗದಿಯಾದ ಮಿತಿ 140 ಡಿಗ್ರಿ ಮಾತ್ರ. ಇಳಿಜಾರಿನಲ್ಲಿ ಅದು ಕುದಿದು ಆವಿಯಾದರೆ ಪೆಡಲ್ ಸೀದಾ ತಳಕ್ಕೆ ಹೋಗುತ್ತದೆ. ತಯಾರಕರು ಬೇರೆ ಹೇಳದಿದ್ದರೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ವಾಡಿಕೆ. ಡಿಸ್ಕ್ ಎಷ್ಟೇ ಹೊಸದಿರಲಿ, ಡೀಸೆಲ್ ಉಳಿಸಲು ನ್ಯೂಟ್ರಲಿನಲ್ಲಿ ಇಳಿಯುವ ವಾಹನಕ್ಕೆ ರಕ್ಷಣೆಯಿಲ್ಲ. ಏರುವಾಗ ಹಾಕಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಇಂದಿಗೂ ಸರಿ.

ಈ ವಾಹನಗಳನ್ನು ಅನೇಕ ಕಡೆ ಸಂಜೀವಿನಿ ಒಕ್ಕೂಟದ ತರಬೇತಿ ಪಡೆದ ಮಹಿಳೆಯರೇ ಚಲಾಯಿಸುತ್ತಿದ್ದಾರೆ. ಪೆಡಲ್ ನಡುಗುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ, ಕೀಚಲು ಸದ್ದು ಬರುತ್ತದೆ ಎಂದು ಚಾಲಕಿ ಹೇಳಿದರೆ ಅದೇ ಮೊದಲನೆಯ ಅಳತೆ. ನಡುಕ ಡಿಸ್ಕಿನ ದಪ್ಪ ಏರುಪೇರಾದುದರ ಗುರುತು. ಕೀಚಲು ಸದ್ದು ಬಹುತೇಕ ಪ್ಯಾಡ್ ಮುಗಿಯುತ್ತ ಬಂದುದರ ಸೂಚನೆ. ಕರಕರ ಸದ್ದು ಬಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ ಎಂದರ್ಥ, ಅಂದು ವಾಹನ ಹೊರಡಬಾರದು. ‘ಮುಂದಿನ ಸಭೆಯಲ್ಲಿ ನೋಡೋಣ’ ಎಂಬ ಉತ್ತರ ಇಲ್ಲಿ ಹೊಂದುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮು, ದೋಷಯುಕ್ತ ವಾಹನ ಚಲಾಯಿಸಿದವರನ್ನಷ್ಟೇ ಅಲ್ಲದೆ ಚಲಾಯಿಸಲು ಬಿಟ್ಟವರನ್ನೂ ಹೊಣೆಯಾಗಿಸುತ್ತದೆ. ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಬಹುದಾಗಿದ್ದ ದೋಷವೂ ಅದರಲ್ಲಿ ಸೇರಿದೆ. ದೂರು ಬಾಯಿಮಾತಿನಲ್ಲಿ ಕಳೆದುಹೋಗದಂತೆ ಲಾಗ್ ಪುಸ್ತಕದಲ್ಲಿ ದಿನಾಂಕದೊಡನೆ ಬರೆಸುವುದು ಚಾಲಕಿಗೂ ಪಂಚಾಯತಿಗೂ ರಕ್ಷೆ.

ಬದಲಿಸುವಾಗ ಮುಂದಿನ ಎರಡೂ ಡಿಸ್ಕುಗಳನ್ನು, ಹೊಸ ಪ್ಯಾಡ್‌ಗಳೊಡನೆ ಒಟ್ಟಿಗೆ ಬದಲಿಸಬೇಕು. ಒಂದೇ ಬದಿಗೆ ಹೊಸದು ಹಾಕಿದರೆ ಒದ್ದೆ ರಸ್ತೆಯಲ್ಲಿ ವಾಹನ ಒಂದು ಕಡೆಗೆ ಎಳೆಯುವ ಸಂಭವವಿದೆ. ಕೆಲಸ ನಡೆಯುವಾಗ ಸದಸ್ಯರಲ್ಲೊಬ್ಬರು ಗ್ಯಾರೇಜಿನಲ್ಲಿದ್ದರೆ ನೋಡಬೇಕಾದುದು ಇಷ್ಟು: ಬಿಚ್ಚಿದ ಕ್ಯಾಲಿಪರನ್ನು ಹೋಸಿನಿಂದ ಜೋತಾಡಿಸದೆ ತಂತಿಯಲ್ಲಿ ಕಟ್ಟಿದ್ದಾರೆಯೇ, ಹಬ್ಬಿನ ಮುಖದ ತುಕ್ಕನ್ನು ಉಜ್ಜಿ ತೆಗೆದಿದ್ದಾರೆಯೇ, ಹೊಸ ಡಿಸ್ಕಿಗೆ ಕಾರ್ಖಾನೆಯಲ್ಲಿ ಬಳಿದ ಎಣ್ಣೆಯನ್ನು ಒರೆಸಿದ್ದಾರೆಯೇ. ತುಕ್ಕಿನ ಒಂದು ಹಕ್ಕಳೆ ನಡುವೆ ಸಿಕ್ಕಿಕೊಂಡರೂ ಹೊಸ ಡಿಸ್ಕು ಓಲಾಡಿ ಕೆಲವೇ ತಿಂಗಳಲ್ಲಿ ಪೆಡಲ್ ಮತ್ತೆ ನಡುಗುತ್ತದೆ, ದೋಷ ಬಿಡಿಭಾಗದ ಮೇಲೆ ಬೀಳುತ್ತದೆ. ಚಕ್ರದ ನಟ್ಟುಗಳನ್ನು ಒಂದರ ಪಕ್ಕದ್ದೊಂದಲ್ಲ, ಎದುರುಬದುರಾಗಿ ಬಿಗಿಯಬೇಕು. ವಾಹನ ಹೊರಡುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು. ಮೊದಲ ಕೆಲವು ದಿನ ಕಸ ತುಂಬಿಕೊಂಡು ಕಡಿದಾದ ದಾರಿಗೆ ಕಳುಹಿಸದೆ ಸಮತಟ್ಟು ರಸ್ತೆಯಲ್ಲಿ ಹದವಾಗಿ ಬ್ರೇಕ್ ಹಾಕಿ ಪ್ಯಾಡು ಕೂರಲು ಬಿಡಬೇಕು. ಹಿಂದಿನ ಡ್ರಮ್ಮುಗಳ ಲೈನರನ್ನೂ ಅಂದೇ ನೋಡಿಸಿದರೆ ಇನ್ನೊಂದು ದಿನದ ಕೂಲಿ ಉಳಿಯುತ್ತದೆ; ಇಳಿಜಾರಿನಲ್ಲಿ ನಿಂತ ವಾಹನವನ್ನು ಹಿಡಿಯುವ ಕೈಬ್ರೇಕು ಅಲ್ಲಿಯೇ ಇರುವುದು.

ಬಿಲ್ಲಿನಲ್ಲಿ ‘ಬ್ರೇಕ್ ಕೆಲಸ’ ಎಂದಷ್ಟೇ ಬರೆದಿದ್ದರೆ ಅಂಗೀಕರಿಸಬಾರದು. ವಾಹನ ಓಡಿದ ಕಿಲೋಮೀಟರ್, ಬಿಡಿಭಾಗದ ಸಂಖ್ಯೆ, ಹಳೆಯ ಡಿಸ್ಕಿನ ಅಳೆದ ದಪ್ಪ, ಇವು ಅದರಲ್ಲಿರಲಿ. ಬಿಚ್ಚಿದ ಹಳೆಯ ಡಿಸ್ಕುಗಳು ಕಚೇರಿಗೆ ಮರಳಿ ಬಂದು ದಾಸ್ತಾನು ಪುಸ್ತಕದಲ್ಲಿ ದಾಖಲಾಗಲಿ. ದುರಸ್ತಿಯ ದಿನ ಕಸ ಮನೆಗಳಲ್ಲಿಯೇ ಉಳಿಯುತ್ತದೆಂಬ ಒತ್ತಡಕ್ಕೆ ಮಣಿದು ಕೆಟ್ಟ ವಾಹನವನ್ನು ಓಡಿಸುವ ಪ್ರಸಂಗಗಳೇ ಹೆಚ್ಚು. ನೆರೆಯ ಪಂಚಾಯತಿಯೊಡನೆ ಮೊದಲೇ ಮಾತಾಡಿಕೊಂಡು, ಒಬ್ಬರ ವಾಹನ ಗ್ಯಾರೇಜಿನಲ್ಲಿದ್ದಾಗ ಇನ್ನೊಬ್ಬರ ವಾಹನ ಬರುವಂತೆ ಏರ್ಪಾಡು ಮಾಡಿಕೊಳ್ಳಬಹುದು. ಅದೂ ಆಗದಿದ್ದರೆ ಒಣಕಸದ ಸರದಿಯನ್ನು ಎರಡು ದಿನ ಮುಂದೂಡಿ, ಮನೆಗಳಿಗೆ ಮುಂಚಿತವಾಗಿ ತಿಳಿಸಿದರಾಯಿತು.